ಕನಸಿನೊಳಗೆ ಎಚ್ಚರವಿದ್ದ ಡಾಕ್ಟರು

ಕನಸು ಬೀಳುವಾಗ ಅದು ಕನಸೆಂದು ತಿಳಿಯದಿರುವುದೇ ಲೋಕದ ರೂಢಿ. ಹುಲಿ ಅಟ್ಟಿಸಿಕೊಂಡು ಬಂದರೆ ಓಡುತ್ತೇವೆ, ಕಾಲು ಕೀಳಲಾರದೆ ಬೆವರುತ್ತೇವೆ, ಎದ್ದು ಕುಳಿತ ಮೇಲಷ್ಟೇ ನಿಟ್ಟುಸಿರು. ಆದರೆ ಯಾವಾಗಲಾದರೊಮ್ಮೆ ಕನಸು ನಡೆಯುತ್ತಿರುವಾಗಲೇ ಇದು ಕನಸಲ್ಲವೇ ಎಂಬ ತಿಳಿವು ಒಳಗಿನಿಂದಲೇ ಮೂಡುವುದುಂಟು. ವಾಚಕರಲ್ಲಿ ಕೆಲವರಿಗಾದರೂ ಇದು ಆಗಿರಬಹುದು. ಸಾಮಾನ್ಯವಾಗಿ ಆ ಕ್ಷಣವೇ ಎಚ್ಚರವಾಗಿಬಿಡುತ್ತದೆ. ಎಚ್ಚರಗೊಳ್ಳದೆ ಕನಸಿನೊಳಗೇ ನಿಂತು, ಅಲ್ಲಿ ಕೈಗೆ ಸಿಕ್ಕಿದ್ದನ್ನು ಮುಟ್ಟಿ ಪರೀಕ್ಷಿಸಿ, ಬೆಳಿಗ್ಗೆ ಅದನ್ನೆಲ್ಲ ಲೆಕ್ಕದ ಪುಸ್ತಕದಂತೆ ಬರೆದಿಟ್ಟವರೊಬ್ಬರಿದ್ದರು. ಅವರು ಹಾಲೆಂಡಿನ ವೈದ್ಯ ಹಾಗೂ ಸಾಹಿತಿ ಫ್ರೆಡರಿಕ್ ವಾನ್ ಈಡನ್.

ಜಾಗ್ರತ್, ಸ್ವಪ್ನ, ಸುಷುಪ್ತಿಗಳ ವಿಚಾರ ಮಾಂಡೂಕ್ಯೋಪನಿಷತ್ತಿನ ಕಾಲದಿಂದಲೂ ನಮ್ಮವರಿಗೆ ಪರಿಚಿತವಾದದ್ದೇ. ಟಿಬೆಟಿನ ಬೌದ್ಧರಲ್ಲಂತೂ ಕನಸಿನಲ್ಲಿ ಎಚ್ಚರವಿರುವುದು ಒಂದು ಸಾಧನೆಯ ಅಂಗ. ಗ್ರೀಸಿನ ಅರಿಸ್ಟಾಟಲನೂ ಇದನ್ನು ಪ್ರಸ್ತಾಪಿಸಿದ್ದಾನೆ. ಫ್ರಾನ್ಸಿನಲ್ಲಿ ಚೀನೀ ಭಾಷಾಪಂಡಿತ ಹರ್ವೆ ದ ಸಾಂ-ದೆನಿ ಎಂಬವರು ಕನಸುಗಳನ್ನು ನಡೆಸುವ ಉಪಾಯಗಳ ಬಗ್ಗೆ 1867ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದ್ದರು. ಹಾಗಾಗಿ ಈಡನ್ ಅವರೇ ಮೊದಲಿಗರೆಂದು ನಾವು ಹೇಳುವುದಿಲ್ಲ. ಆದರೆ ಇಂಥ ಕನಸಿಗೆ ಇಂದು ಜಗತ್ತೆಲ್ಲ ಬಳಸುವ ಲೂಸಿಡ್ ಡ್ರೀಮ್ ಎಂಬ ಹೆಸರು ಪ್ರಚಾರಕ್ಕೆ ಬಂದದ್ದು ಅವರ ಲೇಖನದಿಂದ. ಬುದ್ಧಿಭ್ರಮಣೆಯಾದ ರೋಗಿಗೆ ನಡುನಡುವೆ ತಿಳಿವು ಮರಳುವ ಅವಧಿಯನ್ನು ಅಂದಿನ ವೈದ್ಯರು ಲೂಸಿಡ್ ಎನ್ನುತ್ತಿದ್ದರು. ಮನೋರೋಗಗಳ ವೈದ್ಯರಾಗಿದ್ದ ಈಡನ್ ಅದೇ ಶಬ್ದವನ್ನು ಕನಸಿಗೆ ಹಚ್ಚಿದರು. ಕನ್ನಡದಲ್ಲಿ ಅರಿವಿನ ಕನಸು ಎಂದರೆ ಸಾಕು.

ಈಡನ್ ಹುಟ್ಟಿದ್ದು 1860ರ ಏಪ್ರಿಲ್ 3ರಂದು, ಹಾರ್ಲೆಂ ಪಟ್ಟಣದಲ್ಲಿ. ತಂದೆ ಸಸ್ಯಶಾಸ್ತ್ರಜ್ಞರು, ಆ ಊರಿನಲ್ಲಿ ವಸಾಹತುಗಳ ಉತ್ಪನ್ನಗಳ ಮ್ಯೂಸಿಯಮ್ಮನ್ನು ಕಟ್ಟಿ ನಡೆಸಿದವರು. ಗಿಡ, ಎಲೆ, ಕಾಯಿಗಳನ್ನು ಸುಮ್ಮನೆ ನೋಡದೆ ಗುರುತು ಹಾಕಿ ನೋಡುವ ಅಭ್ಯಾಸ ಮಗನಿಗೆ ಮನೆಯಿಂದಲೇ ಬಂದಿರಬೇಕು. ಆಮ್‌ಸ್ಟರ್‌ಡ್ಯಾಮಿನಲ್ಲಿ ವೈದ್ಯ ವಿದ್ಯಾರ್ಥಿಯಾಗಿದ್ದಾಗಲೇ ಸಾಹಿತ್ಯದ ಗೀಳು ಹಿಡಿಯಿತು. 1885ರಲ್ಲಿ ಗೆಳೆಯರೊಡನೆ ಡೆ ನ್ಯೂವೆ ಗಿಡ್ಸ್ ಎಂಬ ಪತ್ರಿಕೆಯನ್ನು ಆರಂಭಿಸಿದರು. ಡಚ್ ಸಾಹಿತ್ಯದಲ್ಲಿ ಹೊಸ ಕಾಲ ಆ ಪತ್ರಿಕೆಯಿಂದ ಆರಂಭವಾಯಿತೆಂದು ಅಲ್ಲಿನವರು ಹೇಳುತ್ತಾರೆ. ಅದರಲ್ಲೇ ಅವರ ಪುಟ್ಟ ಯೋಹಾನ್ನೆಸ್ ಎಂಬ ಕಥೆ ಪ್ರಕಟವಾಯಿತು, 1887ರಲ್ಲಿ ಪುಸ್ತಕವಾಯಿತು. ಹುಡುಗನೊಬ್ಬ ಯಕ್ಷನೊಬ್ಬನ ಗೆಳೆತನದಿಂದ ಹುಲ್ಲು ಹೂಗಳ ನಡುವಿನ ಲೋಕಕ್ಕೆ ಇಳಿದುಹೋಗಿ, ಮತ್ತೆ ಮನುಷ್ಯರ ನಡುವೆ ಬಂದು ಬೀಳುವ ಕಥೆ ಅದು. ಹಾಲೆಂಡಿನಲ್ಲಿ ಆ ಪುಸ್ತಕದ ಹೆಸರು ಕೇಳದವರು ವಿರಳ. ಈಡನ್ ಅವರ ಖ್ಯಾತಿ ತಾಯ್ನಾಡಿನಲ್ಲಿ ನಿಂತಿರುವುದೇ ಅದರ ಮೇಲೆ.

ವೈದ್ಯರಾಗಿ ಅವರು ಹಿಡಿದ ದಾರಿಯೂ ಹೊಸದೇ. ಪ್ಯಾರಿಸ್ಸಿನ ಷಾರ್ಕೋ, ನಾನ್ಸಿಯ ಲಿಯೆಬೋ ಮುಂತಾದವರು ಸಮ್ಮೋಹನ ವಿದ್ಯೆಯನ್ನು ಚಿಕಿತ್ಸೆಗೆ ಬಳಸುತ್ತಿದ್ದ ದಿನಗಳವು. 1887ರಲ್ಲಿ ವಾನ್ ರೆಂಟರ್ಗೆಮ್ ಎಂಬ ವೈದ್ಯರೊಡನೆ ಕೂಡಿ ಈಡನ್ ಆಮ್‌ಸ್ಟರ್‌ಡ್ಯಾಮಿನಲ್ಲಿ ಒಂದು ಚಿಕಿತ್ಸಾಲಯ ತೆರೆದರು. ಮಾತಿನಿಂದ, ಸೂಚನೆಯಿಂದ ರೋಗ ವಾಸಿಮಾಡುವ ಈ ಕ್ರಮಕ್ಕೆ ಮನೋಚಿಕಿತ್ಸೆ ಎಂಬ ಹೆಸರನ್ನು ಬಳಸಿದ ಮೊದಲಿಗರಲ್ಲಿ ಇವರೂ ಸೇರುತ್ತಾರೆ. ಕೆಲವೇ ವರ್ಷಗಳಲ್ಲಿ ಈಡನ್ ಆ ಕೆಲಸವನ್ನು ಬಿಟ್ಟರು. ಇನ್ನೊಬ್ಬರ ಮನಸ್ಸನ್ನು ನಿದ್ದೆಗೆ ಇಳಿಸಿ ಆಳುವುದಕ್ಕಿಂತ ತಮ್ಮ ನಿದ್ದೆಯನ್ನು ತಾವೇ ನೋಡುವುದು ಅವರಿಗೆ ಹೆಚ್ಚು ಹಿಡಿಸಿತೆಂದು ಕಾಣುತ್ತದೆ.

1896ರಿಂದ ಅವರು ಕನಸಿನ ದಿನಚರಿ ಇಡಲಾರಂಭಿಸಿದರು. ಎಲ್ಲ ಕನಸುಗಳನ್ನೂ ಅಲ್ಲ, ಗಮನಾರ್ಹವೆನಿಸಿದವನ್ನು. ಹೀಗೆ ಸುಮಾರು 500 ಕನಸುಗಳು ದಾಖಲಾದವು. 1897ರ ಜೂನ್ ತಿಂಗಳಲ್ಲಿ ಮೊದಲ ಸುಳಿವು ಸಿಕ್ಕಿತು. ಎಲೆಯುದುರಿದ ಮರಗಳ ನಡುವೆ ತಾವು ತೇಲುತ್ತ ಹೋಗುತ್ತಿರುವಂತೆ ಕನಸು. ಕನಸಿನಲ್ಲಿ ಅದು ಏಪ್ರಿಲ್ ತಿಂಗಳು. ತಾವು ಮುಂದೆ ಸಾಗಿದಂತೆ ಹತ್ತಿರದ ಕೊಂಬೆ ಬೇಗ, ದೂರದ ಕೊಂಬೆ ನಿಧಾನವಾಗಿ, ಸಣ್ಣ ಸಣ್ಣ ಕಡ್ಡಿಗಳು ಒಂದನ್ನೊಂದು ಹಾದು ಸರಿಯುತ್ತಿದ್ದವು, ನಿಜವಾಗಿ ನಡೆದುಹೋಗುವಾಗ ಕಾಣುವ ಹಾಗೆಯೇ. ಇಷ್ಟು ಜಟಿಲವಾದ ಚಲನೆಯನ್ನು ತನ್ನ ಕಲ್ಪನೆ ಕಟ್ಟಿಕೊಡಲು ಹೇಗೆ ಸಾಧ್ಯ ಎಂದು ಅವರು ಯೋಚಿಸಿದರು. ಯೋಚಿಸಿದ್ದು ಎಚ್ಚರವಾದ ಮೇಲಲ್ಲ, ನಿದ್ದೆಯಲ್ಲಿಯೇ.

ನಿಜವಾದ ಆರಂಭ 1898ರ ಜನವರಿ 20. ಆ ರಾತ್ರಿ ಕನಸಿನಲ್ಲಿ ಅವರು ತಮ್ಮ ಓದುವ ಕೋಣೆಯ ಹೊರಗೆ ತೋಟದಲ್ಲಿ ಬೋರಲು ಮಲಗಿದ್ದಾರೆ. ಕಿಟಕಿಯ ಗಾಜಿನಾಚೆ ತಮ್ಮ ನಾಯಿಯ ಕಣ್ಣುಗಳು ಕಾಣುತ್ತಿವೆ. ಅದೇ ಹೊತ್ತಿಗೆ ತಾನು ಹಾಸಿಗೆಯಲ್ಲಿ ಅಂಗಾತ ಮಲಗಿರುವ ವಿಷಯವೂ ಸಂಶಯವಿಲ್ಲದೆ ಗೊತ್ತಿದೆ. ಬೋರಲಾಗಿರುವ ಅನುಭವ ಅಂಗಾತವಾಗುವ ಅನುಭವಕ್ಕೆ ಹೇಗೆ ತಿರುಗುತ್ತದೋ ನೋಡೋಣವೆಂದು ಅವರು ಬೇಕೆಂದೇ ಮೆಲ್ಲಮೆಲ್ಲನೆ ಎಚ್ಚರಗೊಂಡರು. ಒಂದು ಶರೀರದಿಂದ ಇನ್ನೊಂದಕ್ಕೆ ಜಾರಿದಂತಾಯಿತು. ಎರಡರ ನೆನಪೂ ಉಳಿಯಿತು. ಮುಂದೆ ಅನೇಕ ಬಾರಿ ಇದೇ ಅನುಭವವಾಯಿತು. ಕನಸಿಗೂ ಒಂದು ದೇಹವಿದೆ ಎಂಬ ತೀರ್ಮಾನಕ್ಕೆ ಅವರು ಬಂದದ್ದು ಹೀಗೆ. ಕನಸಿನ ದೇಹ ಎಂದೊಡನೆ ನಮ್ಮಲ್ಲಿ ಕೆಲವರಿಗೆ ಸೂಕ್ಷ್ಮಶರೀರ ನೆನಪಾದೀತು. ಅವಸರ ಬೇಡ. ಅವರು ಹೇಳಿದ್ದು ಅನುಭವದ ಮಾತು, ಅದನ್ನು ಪರೀಕ್ಷೆಗೆ ಒಡ್ಡಿದವರೂ ಅವರೇ.

ಆ ಪರೀಕ್ಷೆಗಳೇ ಈ ಜೀವನದ ಸ್ವಾರಸ್ಯ. 1904ರ ಸೆಪ್ಟೆಂಬರ್ 9ರ ಕನಸನ್ನು ನೋಡಿ. ಕಿಟಕಿಯ ಬಳಿ ಮೇಜು, ಮೇಜಿನ ಮೇಲೆ ಏನೇನೋ ಸಾಮಾನು. ಇದು ಕನಸೆಂದು ತಿಳಿದಿದೆ. ಏನು ಪ್ರಯೋಗ ಮಾಡಬಹುದೆಂದು ಯೋಚಿಸಿ, ಎರಡು ಕಲ್ಲುಗಳ ಮೇಲೆ ಗಾಜಿನ ತುಂಡೊಂದನ್ನು ಇಟ್ಟು ಮೂರನೆಯ ಕಲ್ಲಿನಿಂದ ಕುಟ್ಟಿದರು. ಒಡೆಯಲಿಲ್ಲ. ಮೇಜಿನ ಮೇಲಿದ್ದ ತೆಳ್ಳನೆಯ ದ್ರಾಕ್ಷಾರಸದ ಲೋಟವನ್ನು ತೆಗೆದು, ಎಚ್ಚರದಲ್ಲಿ ಹೀಗೆ ಮಾಡಿದರೆ ಕೈ ಕೊಯ್ದುಹೋದೀತೆಂದು ಯೋಚಿಸುತ್ತಲೇ, ಮುಷ್ಟಿಯಿಂದ ಬಲವಾಗಿ ಗುದ್ದಿದರು. ಲೋಟ ಹಾಗೆಯೇ ಇತ್ತು. ಸ್ವಲ್ಪ ಹೊತ್ತು ಬಿಟ್ಟು ತಿರುಗಿ ನೋಡಿದರೆ ಒಡೆದಿತ್ತು! ಒಡೆಯುವುದೇನೋ ಒಡೆಯಿತು, ಆದರೆ ತಡವಾಗಿ. ನಾಟಕದ ಪಾತ್ರಧಾರಿ ತನ್ನ ಸರದಿ ತಪ್ಪಿಸಿಕೊಂಡು ರಂಗಕ್ಕೆ ಬಂದ ಹಾಗೆ. ಬಹು ಜಾಣತನದಿಂದ ನಕಲು ಮಾಡಿದ, ಆದರೂ ಅಲ್ಲಲ್ಲಿ ಎಡವಿದ ಲೋಕದಲ್ಲಿ ತಾನಿದ್ದೇನೆ ಎಂದು ಅವರಿಗನಿಸಿತು. ಬಳಿಕ ಒಡೆದ ಲೋಟವನ್ನು ಕಿಟಕಿಯಿಂದ ಹೊರಗೆಸೆದು ಸದ್ದು ಕೇಳುತ್ತದೆಯೇ ಎಂದು ಕಿವಿಗೊಟ್ಟರು. ಕೇಳಿಸಿತು. ಆ ಸದ್ದಿಗೆ ಎರಡು ನಾಯಿಗಳು ಬೆದರಿ ಓಡಿದವು ಕೂಡ. ಕೊನೆಗೆ ದ್ರಾಕ್ಷಾರಸವನ್ನು ರುಚಿ ನೋಡಿ, ಇಲ್ಲಿ ನಾಲಗೆಯ ರುಚಿಯೂ ಉಂಟೆಂದು ಮನಸ್ಸಿನಲ್ಲೇ ಟಿಪ್ಪಣಿ ಮಾಡಿಕೊಂಡರು.

ಕನಸಿನ ಮೇಲೆ ಹಿಡಿತವೆಂದರೆ ಇಷ್ಟು ಮಾತ್ರ ಎಂಬುದನ್ನು ಇಲ್ಲಿ ಗಮನಿಸಬೇಕು. ಕೈ ಎತ್ತುವುದು, ಗುದ್ದುವುದು ಇವರ ಇಚ್ಛೆ. ಗಾಜು ಯಾವಾಗ ಒಡೆಯಬೇಕೆಂಬುದು ಇವರ ಇಚ್ಛೆಗೆ ಸೇರಿದ್ದಲ್ಲ. 1898ರ ಜನವರಿಯಿಂದ 1912ರ ಡಿಸೆಂಬರ್ 26ರ ತನಕ ಅವರಿಗೆ ಬಿದ್ದ ಅರಿವಿನ ಕನಸುಗಳು 352. ಹದಿನೈದು ವರ್ಷಕ್ಕೆ ಹಂಚಿದರೆ ತಿಂಗಳಿಗೆ ಎರಡೂ ತುಂಬುವುದಿಲ್ಲ. ಬೇಕೆಂದಾಗ ಕನಸನ್ನು ಕರೆಯುವ ಸಿದ್ಧಿ ಅವರಿಗಿತ್ತೆಂದು ಯಾರಾದರೂ ಹೇಳಿದರೆ ಈ ಲೆಕ್ಕವನ್ನು ತೋರಿಸಿದರೆ ಸಾಕು. ಇನ್ನೊಂದು ವಿಶೇಷವನ್ನೂ ಅವರು ಬರೆದಿಟ್ಟಿದ್ದಾರೆ. ಈ ಕನಸುಗಳೆಲ್ಲ ಒಂದೂ ಬಿಡದಂತೆ ಬೆಳಗ್ಗೆ ಐದರಿಂದ ಎಂಟರೊಳಗೆ ಬಿದ್ದವು. ಬೆಳಗಿನ ಜಾವದ ಕನಸು ನಿಜವಾಗುತ್ತದೆಂದು ನಮ್ಮ ಅಜ್ಜಿಯರು ಹೇಳುವುದುಂಟಲ್ಲ. ನಿಜವಾಗುವ ಮಾತು ಹೇಗೂ ಇರಲಿ, ಆ ಹೊತ್ತಿನ ಕನಸಿಗೆ ಬಣ್ಣ ಹೆಚ್ಚು ಎಂಬುದನ್ನಂತೂ ಈ ಡಾಕ್ಟರೂ ಒಪ್ಪುತ್ತಿದ್ದರು.

ಸುಖದ ಕನಸುಗಳಷ್ಟೇ ಅಲ್ಲ. ಅರಿವಿನ ಕನಸಿನ ಹಿಂದೆಯೇ ಕೆಲವೊಮ್ಮೆ ದೆವ್ವಗಳ ಕನಸು ಬರುತ್ತಿತ್ತು. ಅಣಕಿಸುವ, ಕಾಡುವ ಆಕೃತಿಗಳು. ಅವು ಏನೆಂದು ಗುರುತಿಸದಿದ್ದರೆ ಎದ್ದ ಮೇಲೂ ಮನಸ್ಸು ಕುಂದಿರುತ್ತಿತ್ತು. ಗುರುತಿಸಿ ಎದುರಿಸಿ ಹೋರಾಡಿದರೆ ಎದ್ದಾಗ ಹಗುರವೆನಿಸುತ್ತಿತ್ತು. ಸುಳ್ಳು ಎಚ್ಚರ ಎಂಬ ಇನ್ನೊಂದು ಬಗೆಯನ್ನೂ ಅವರು ವರ್ಣಿಸಿದ್ದಾರೆ. ಎದ್ದೆವೆಂದುಕೊಳ್ಳುತ್ತೇವೆ, ಕೋಣೆ ಎಂದಿನಂತೆಯೇ ಇದೆ, ಆದರೂ ಏನೋ ಒಂದು ಸರಿಯಿಲ್ಲ. ಆಗ ತಿಳಿಯುವುದು, ಇನ್ನೂ ಎದ್ದಿಲ್ಲವೆಂದು. ಹೀಗೆ ಒಟ್ಟು ಒಂಬತ್ತು ಬಗೆಯ ಕನಸುಗಳನ್ನು ಅವರು ವಿಂಗಡಿಸಿದರು. ಉಳಿದವುಗಳ ವಿವರ ಇಲ್ಲಿ ಬೇಡ.

ಕನಸಿನಲ್ಲಿ ಎಚ್ಚರವಿದ್ದೆ ಎಂದು ಯಾರು ಬೇಕಾದರೂ ಹೇಳಬಹುದು. ಪಕ್ಕದಲ್ಲಿ ಕುಳಿತವನಿಗೆ ಅದನ್ನು ತೋರಿಸಿಕೊಡುವುದು ಹೇಗೆ? ಈಡನ್ ಅವರನ್ನು ಕಾಡಿದ ದೊಡ್ಡ ಪ್ರಶ್ನೆ ಇದು. ಒಮ್ಮೆ ಕನಸಿನಲ್ಲೇ ಬೆರಳನ್ನು ಒದ್ದೆಮಾಡಿ ಎಡ ಅಂಗೈಯ ಮೇಲೆ ಅಡ್ಡಗೀಟುಗಳನ್ನು ಎಳೆದರು, ಎದ್ದಾಗ ಆ ಗುರುತು ಉಳಿದಿರುತ್ತದೆಯೇ ನೋಡಲು. ಎದ್ದಂತಾಯಿತು, ಅಂಗೈಯನ್ನು ಕೆನ್ನೆಗೆ ಒತ್ತಿದರೆ ಒದ್ದೆಯೂ ತಾಗಿತು. ಆದರೆ ಅದು ಸುಳ್ಳು ಎಚ್ಚರ! ನಿಜವಾಗಿ ಎದ್ದಾಗ ಕೈ ಮುಚ್ಚಿದ ಮುಷ್ಟಿಯಾಗಿ ಎದೆಯ ಮೇಲೆ ಮೊದಲಿನಂತೆಯೇ ಇತ್ತು, ಅಲುಗಿರಲೇ ಇಲ್ಲ. ಇನ್ನು ಧ್ವನಿಯ ಪ್ರಯೋಗ. ನೂರಾರು ಕನಸುಗಳಲ್ಲಿ ಅವರು ಗಟ್ಟಿಯಾಗಿ ಹಾಡಿದರು, ಕೂಗಿದರು, ಮಾತಾಡಿದರು. ಇಷ್ಟು ದೊಡ್ಡ ಸ್ವರ ಹೊರಗೆ ಕೇಳಿಸದಿರುವುದುಂಟೆ ಎಂದು ಅವರಿಗೇ ನಂಬಿಕೆ ಬರುತ್ತಿರಲಿಲ್ಲ. ಆದರೆ ಹೆಂಡತಿ ಒಮ್ಮೆಯೂ ಕೇಳಲಿಲ್ಲ; ಶಾಂತವಾಗಿ ನಿದ್ದೆ ಮಾಡುತ್ತಿದ್ದಿರೆಂದು ಕೆಲವು ಸಲ ಸಾಕ್ಷಿ ಹೇಳಿದರು. ಸೋತ ಈ ಪ್ರಯೋಗಗಳನ್ನು ಅವರು ಮುಚ್ಚಿಡಲಿಲ್ಲ. ನಮ್ಮ ಅಭಿಪ್ರಾಯದಲ್ಲಿ ಈಡನ್ ಅವರ ಮಾತಿಗೆ ತೂಕ ಬಂದದ್ದು ಇದರಿಂದಲೇ.

ಕೈ ಮತ್ತು ಬಾಯಿ ಏಕೆ ಕೈಕೊಟ್ಟವೆಂದು ತಿಳಿಯಲು ಬಹುಕಾಲ ಬೇಕಾಯಿತು. 1953ರಲ್ಲಿ ಅಮೆರಿಕದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್, ನಿದ್ದೆಯ ಕೆಲವು ಅವಧಿಗಳಲ್ಲಿ ಮುಚ್ಚಿದ ರೆಪ್ಪೆಗಳ ಹಿಂದೆ ಕಣ್ಣುಗುಡ್ಡೆ ಚುರುಕಾಗಿ ಓಡಾಡುತ್ತದೆ, ಎದ್ದುಕಾಣುವ ಕನಸುಗಳು ಬೀಳುವುದು ಹೆಚ್ಚಾಗಿ ಆಗಲೇ ಎಂಬುದನ್ನು ಪ್ರಕಟಿಸಿದರು. ಈ ಅವಧಿಗಳು ರಾತ್ರಿ ಕಳೆದಂತೆ ದೀರ್ಘವಾಗುತ್ತ ಬೆಳಗಿನ ಕಡೆಗೆ ಹೆಚ್ಚುತ್ತವೆ. ಆಗ ಕೈಕಾಲುಗಳ ಸ್ನಾಯುಗಳೆಲ್ಲ ಸಡಿಲಾಗಿ ಮಿದುಳಿನ ಆಜ್ಞೆ ಅವುಗಳಿಗೆ ತಲುಪುವುದಿಲ್ಲ ಎಂಬುದು ಮುಂದೆ ತಿಳಿಯಿತು. ಹುಲಿಯ ಕನಸಿನಲ್ಲಿ ನಾವು ಮಂಚದಿಂದ ಹಾರಿ ಓಡದಿರುವುದು ಈ ಏರ್ಪಾಡಿನಿಂದ. ಸಡಿಲಾಗದೆ ಉಳಿಯುವ ಕೆಲವೇ ಸ್ನಾಯುಗಳಲ್ಲಿ ಕಣ್ಣಿನವೂ ಸೇರಿವೆ. ಹಾಗಾದರೆ ಕಣ್ಣಿನಿಂದಲೇ ಸನ್ನೆ ಮಾಡಿಸಬಾರದೇಕೆ? 1975ರಲ್ಲಿ ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ ಕೀತ್ ಹರ್ನ್ ಎಂಬವರು ಅದನ್ನು ಮಾಡಿಸಿದರು. ಯಂತ್ರಗಳಿಗೆ ತಂತಿ ಜೋಡಿಸಿಕೊಂಡು ಮಲಗಿದ್ದವನು, ಇದು ಕನಸೆಂದು ತಿಳಿದೊಡನೆ ಮೊದಲೇ ಒಪ್ಪಿಕೊಂಡಂತೆ ಕಣ್ಣುಗಳನ್ನು ಎಡಕ್ಕೂ ಬಲಕ್ಕೂ ಹಲವು ಸಲ ಹೊರಳಿಸಿದ. ಕಾಗದದ ಮೇಲೆ ಗೀರು ಮೂಡಿತು. ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಸ್ಟೀಫನ್ ಲಾಬರ್ಜ್ ಸ್ವತಂತ್ರವಾಗಿ ಇದನ್ನೇ ಸಾಧಿಸಿ 1981ರಲ್ಲಿ ಪ್ರಕಟಿಸಿದರು. ಈಡನ್ ಕೈಯನ್ನು ಪ್ರಯತ್ನಿಸಿದರು, ಕಂಠವನ್ನು ಪ್ರಯತ್ನಿಸಿದರು. ತೆರೆದಿದ್ದ ಬಾಗಿಲು ಮೂರನೆಯದು.

ಅವರ ಹಗಲಿನ ಬಾಳಿಗೆ ಬರೋಣ. 1898ರಲ್ಲಿ, ಅರಿವಿನ ಕನಸುಗಳು ಆರಂಭವಾದ ವರ್ಷವೇ, ಬುಸ್ಸುಮ್ ಎಂಬ ಊರಿನ ಬಳಿ ಜಮೀನು ಕೊಂಡು ಅವರು ವಾಲ್ಡನ್ ಎಂಬ ಆಶ್ರಮದಂಥ ವಸತಿಯನ್ನು ಸ್ಥಾಪಿಸಿದರು. ಅಮೆರಿಕದ ತೋರೋ ಬರೆದ ಪುಸ್ತಕದ ಹೆಸರದು. ಜಮೀನು ಎಲ್ಲರದು, ದುಡಿಮೆ ಎಲ್ಲರದು, ಒಡೆಯನೆಂಬವನಿಲ್ಲ. ಬೇಸಾಯ ನಡೆಯಿತು, ರೊಟ್ಟಿಯ ಭಟ್ಟಿ ನಡೆಯಿತು. ಡಾಕ್ಟರು ಮರದ ಗುಡಿಸಲಿನಲ್ಲಿ ಕುಳಿತು ಬರೆದರು. 1903ರ ರೈಲ್ವೆ ಮುಷ್ಕರದಲ್ಲಿ ಅವರು ಕಾರ್ಮಿಕರ ಪಕ್ಷ ವಹಿಸಿ, ಬಳಿಕ ಆಮ್‌ಸ್ಟರ್‌ಡ್ಯಾಮಿನಲ್ಲಿ ಬಳಕೆದಾರರ ಸಹಕಾರಿ ಸಂಸ್ಥೆಯೊಂದನ್ನು ಕಟ್ಟಿದರು. ಹಣವೆಲ್ಲ ಅದರಲ್ಲಿ ಕರಗಿತು. 1907ರಲ್ಲಿ ಎಲ್ಲವೂ ಮುಗಿಯಿತು, ವಾಲ್ಡನ್ ಕೂಡ. ಅದೇ ವರ್ಷ ಮೊದಲ ಪತ್ನಿ ಮಾರ್ತಾರಿಂದ ವಿಚ್ಛೇದನವಾಗಿ ಎರಡನೆಯ ಮದುವೆಯಾಯಿತು. ಮತ್ತೆ ಅಮೆರಿಕಕ್ಕೆ ಹೋಗಿ ಉತ್ತರ ಕೆರೊಲಿನಾದಲ್ಲಿ ಇನ್ನೊಂದು ವಸಾಹತಿಗೆ ಕೈಹಾಕಿದರು. ಅದೂ ಅವರು ಎಣಿಸಿದಂತೆ ಆಗಲಿಲ್ಲ.

ಈ ನಷ್ಟದ ಬಗ್ಗೆ ಒಂದು ವಿಚಿತ್ರ ಕನಸಿದೆ. 1903ರ ಮೇ ತಿಂಗಳ ಅರಿವಿನ ಕನಸೊಂದರಲ್ಲಿ ತೀರಿಹೋಗಿದ್ದ ಭಾವ ಎದುರಾದರು. ಅವರು ಸತ್ತಿರುವುದು ಈಡನ್ ಅವರಿಗೆ ಕನಸಿನಲ್ಲೂ ಗೊತ್ತಿತ್ತು. ಬದುಕಿದ್ದಾಗ ಇದ್ದುದಕ್ಕಿಂತ ಹೆಚ್ಚು ಸಲಿಗೆಯಿಂದ ಮಾತು ನಡೆಯಿತು. ಹಣದ ವಿಪತ್ತೊಂದು ಬರಲಿದೆ, ಹತ್ತು ಸಾವಿರ ಗಿಲ್ಡರ್ ಕೈಬಿಡುತ್ತದೆ ಎಂದು ಭಾವ ಎಚ್ಚರಿಸಿದರು. ಮುಂದೆ ಕಳೆದುಕೊಂಡದ್ದು ಅದರ ಇಪ್ಪತ್ತು ಪಟ್ಟು! ಈಡನ್ ಇದನ್ನು ಭವಿಷ್ಯವಾಣಿ ಎಂದೇ ಬಗೆದರು. ಆದರೆ ಸರ್ವನಾಶಕ್ಕೆ ದಾರಿಮಾಡಿದ ರೈಲ್ವೆ ಮುಷ್ಕರ ನಡೆದದ್ದೂ ಆ ದಿನಗಳಲ್ಲೇ ಎಂದು ಅವರೇ ಪಕ್ಕದಲ್ಲಿ ಬರೆದಿಟ್ಟಿದ್ದಾರೆ. ಹಗಲಿನಲ್ಲಿ ಹೇಳಿಕೊಳ್ಳಲಾಗದ ಹಿಸಾಬನ್ನು ಮನಸ್ಸು ರಾತ್ರಿ ಭಾವನ ಬಾಯಿಂದ ಹೇಳಿಸಿರಬಾರದೇಕೆ ಎಂದು ನಮಗೆ ತೋರುತ್ತದೆ.

ಸತ್ತವರನ್ನು ಕಾಣುವ ಆಸೆಯೇ ಈ ಶೋಧದ ಬುಡದಲ್ಲಿತ್ತು. ರಸಾಯನಶಾಸ್ತ್ರದ ಮೊದಲ ನೊಬೆಲ್ ಪಾರಿತೋಷಕ ಪಡೆದ ವಾಂಟ್ ಹಾಫ್ 1911ರಲ್ಲಿ ತೀರಿಕೊಂಡ ಬಳಿಕ ಈಡನ್ ಅವರ ಕನಸಿನಲ್ಲಿ ಬಂದರು. ಈಡನ್ ನೇರವಾಗಿ ಕೇಳಿದರು: ಕಣ್ಣು ಕಿವಿಗಳಿಲ್ಲದ ಸ್ಥಿತಿಯಲ್ಲಿ ಎದುರಿರುವುದು ನಿಜವಾಗಿ ಆ ವ್ಯಕ್ತಿಯೇ, ತನ್ನ ಭ್ರಮೆಯೇ ಎಂದು ನಿಶ್ಚಯಿಸುವುದು ಹೇಗೆ? ಬದುಕಿರುವಾಗ ಮಾಡಿಕೊಳ್ಳುವಂತೆಯೇ, ಒಟ್ಟಾರೆ ನೋಟದಿಂದ ಎಂದು ಉತ್ತರ ಬಂತು. ಪ್ರಶ್ನೆ ವಿಜ್ಞಾನಿಯದು, ಉತ್ತರ ಕೊಟ್ಟವರು ಯಾರೆಂಬುದೇ ತೀರ್ಮಾನವಾಗದೆ ಉಳಿಯಿತು.

ಇದನ್ನೆಲ್ಲ ಮೊದಲು ಅವರು 1909ರಲ್ಲಿ ಕಾದಂಬರಿಯ ರೂಪದಲ್ಲಿ ಬರೆದರು. ಕಥೆಯ ಮರೆಯಿದ್ದರೆ ವಿಚಿತ್ರ ವಿಚಾರವನ್ನು ಹೇಳುವುದು ಸುಲಭವಷ್ಟೆ. 1913ರಲ್ಲಿ ಮರೆಯನ್ನು ಬಿಟ್ಟು, ಲಂಡನಿನ ಸೊಸೈಟಿ ಫಾರ್ ಸೈಕಿಕಲ್ ರಿಸರ್ಚ್ ಎಂಬ ಸಂಸ್ಥೆಯ ಮುಂದೆ ಇಂಗ್ಲಿಷಿನಲ್ಲಿ ಪ್ರಬಂಧವಾಗಿ ಮಂಡಿಸಿದರು. ಅವರ ಸಾಹಿತ್ಯ ಬಹುಪಾಲು ಡಚ್ ಭಾಷೆಯಲ್ಲಿದೆ. ಹೊರಗಿನ ಲೋಕ ಅವರನ್ನು ನೆನೆಯುವುದು ಮಾತ್ರ ಇಂಗ್ಲಿಷಿನ ಈ ಕೆಲವು ಪುಟಗಳಿಂದ. ಜನಸಂಖ್ಯೆ ಸಣ್ಣದಾದ ಭಾಷೆಯ ಬರಹಗಾರರ ಪಾಡು ಇದು. ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅದೇ 1913ರಲ್ಲಿ ಅವರ ಮಗ ಪಾಲ್ ಎಳೆವಯಸ್ಸಿನಲ್ಲಿ ತೀರಿಕೊಂಡ. ಮಗನ ಕೊನೆಯ ದಿನಗಳ ಬಗ್ಗೆ ತಂದೆ ಒಂದು ಸಣ್ಣ ಪುಸ್ತಕ ಬರೆದರು. ಅದಕ್ಕಿಟ್ಟ ಹೆಸರು ಪಾಲನ ಎಚ್ಚರ. ಕನಸು, ಎಚ್ಚರ ಎಂಬ ಎರಡು ಶಬ್ದಗಳನ್ನು ಹದಿನೈದು ವರ್ಷ ತೂಗಿ ನೋಡಿದ ಮನುಷ್ಯ ಸಾವಿಗೆ ಆ ಎರಡರಲ್ಲಿ ಯಾವುದನ್ನು ಆರಿಸಿಕೊಂಡರೆಂಬುದನ್ನು ಗಮನಿಸಿ. ರವೀಂದ್ರನಾಥ ಠಾಕೂರರ ಗೀತಾಂಜಲಿಯನ್ನು ಅವರು ಡಚ್ ಭಾಷೆಗೆ ತಂದದ್ದೂ ಆ ವರ್ಷವೇ. 1920ರಲ್ಲಿ ಠಾಕೂರರು ಹಾಲೆಂಡಿಗೆ ಹೋದಾಗ ಇಬ್ಬರ ಭೇಟಿಯೂ ಆಯಿತು.

1914ರಲ್ಲಿ ಮಾರ್ಟಿನ್ ಬ್ಯೂಬರ್, ಗುಸ್ತಾವ್ ಲಾಂಡೌವರ್ ಮೊದಲಾದವರೊಡನೆ ಸೇರಿ ದೇಶಗಳ ನಡುವೆ ಸೌಹಾರ್ದ ಬೆಳೆಸುವ ಒಂದು ಮಂಡಲಿಯನ್ನು ಕಟ್ಟಲು ಹೊರಟರು. ಕೆಲವೇ ವಾರಗಳಲ್ಲಿ ಮಹಾಯುದ್ಧ ಆರಂಭವಾಗಿ ಮಂಡಲಿ ಚದುರಿತು. ಆ ಡಿಸೆಂಬರಿನಲ್ಲಿ ವಿಯೆನ್ನಾದಿಂದ ಸಿಗ್ಮಂಡ್ ಫ್ರಾಯ್ಡ್ ಅವರಿಗೆ ಪತ್ರ ಬರೆದು, ಮನುಷ್ಯನ ಆದಿಮ ಪ್ರವೃತ್ತಿಗಳು ಅಳಿದಿಲ್ಲ, ಬುದ್ಧಿ ಅವುಗಳ ಕೈಗೊಂಬೆ ಎಂಬುದನ್ನು ಈ ಯುದ್ಧ ತೋರಿಸುತ್ತಿದೆ ಎಂದು ತಿಳಿಸಿದರು. ಕನಸಿನ ಬಗ್ಗೆ ಇಬ್ಬರ ದಾರಿ ಬೇರೆ. ಫ್ರಾಯ್ಡ್ ಕನಸಿನ ಹಿಂದೆ ಬಚ್ಚಿಟ್ಟ ಬಯಕೆಯನ್ನು ಹುಡುಕಿದರು. ಈಡನ್ ಕನಸಿನ ಒಳಗೆ ನಿಂತು ಸುತ್ತ ನೋಡಿದರು.

1922ರಲ್ಲಿ ಅವರು ಕ್ಯಾಥೊಲಿಕ್ ಮತಕ್ಕೆ ಸೇರಿದರು. ಹಳೆಯ ಗೆಳೆಯರಿಗೆ ಇದು ಸೋಜಿಗವೆನಿಸಿತು. ಬಳಿಕ ನೆನಪು ಮಾಸತೊಡಗಿತು. ನಿದ್ದೆಯಲ್ಲೂ ತಾನಾರೆಂಬ ಅರಿವನ್ನು ಬಿಟ್ಟುಕೊಡದೆ ನಿಂತವರಿಗೆ, ಕೊನೆಯ ವರ್ಷಗಳಲ್ಲಿ ಹಗಲಿನಲ್ಲೇ ಮನಸ್ಸಿನ ಹಿಡಿತ ತಪ್ಪುತ್ತ ಬಂತು. 1932ರ ಜೂನ್ 16ರಂದು, ವಾಲ್ಡನ್ ಇದ್ದ ಅದೇ ಬುಸ್ಸುಮಿನಲ್ಲಿ, 72ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.